ಡ್ಯಾನ್ಯೂಬ್ ಪಕ್ಕದಲ್ಲಿ ಸೈಕಲ್: ಪಾಸೌನಿಂದ ವಿಯೆನ್ನಾಗೆ ಯಾವ ದಂಡೆ ಹಿಡಿಯಬೇಕು?

ನಿಧಾನಸವಾರಿ

ಮುಂದಿನ ವರ್ಷ ನಾನು ಮತ್ತು ನನ್ನ ಅಕ್ಕ ಡ್ಯಾನ್ಯೂಬ್ ನದಿ ಪಕ್ಕದಲ್ಲಿ ಸೈಕಲ್ ಪ್ರವಾಸ ಮಾಡಬೇಕು ಅಂತಿದ್ದೇವೆ. ಜರ್ಮನಿಯ ಪಾಸೌನಲ್ಲಿ ಹೊರಟು ಆಸ್ಟ್ರಿಯಾದ ವಿಯೆನ್ನಾ ತಲುಪುವ ದಾರಿ. ಅಕ್ಕನಿಗೆ ಸೈಕಲ್ ಚೆನ್ನಾಗಿಯೇ ಬರುತ್ತದೆ. ಆದರೆ ಪಕ್ಕದಲ್ಲಿ ಲಾರಿ ಹಾದುಹೋದರೆ ಹ್ಯಾಂಡಲ್ ನಡುಗುತ್ತದೆ. ಹಾಗಾಗಿ ನಮಗೆ ಬೇಕಿರುವುದು ಎರಡೇ. ವಾಹನ ಇಲ್ಲದ ದಾರಿ, ನಡುವೆ ಇಳಿದು ಸುತ್ತಾಡಲು ಹಳೆಯ ಊರುಗಳು.

ಓದಿದ ಕಡೆಯೆಲ್ಲ "ಎರಡೂ ದಂಡೆಯಲ್ಲಿ ಸೈಕಲ್ ದಾರಿ ಇದೆ" ಅಂತ ಬರೆದಿದ್ದಾರೆ. ಯಾವ ದಂಡೆ ಅಂತ ಮಾತ್ರ ಯಾರೂ ಸರಿಯಾಗಿ ಹೇಳುವುದಿಲ್ಲ. ಹೋಗಿ ಬಂದವರು ಸ್ವಲ್ಪ ಬಿಡಿಸಿ ಹೇಳುತ್ತೀರಾ? ವೇಗದ ಲೆಕ್ಕ ನಮಗೆ ಬೇಡ.

ಎರಡುಚಕ್ರ

ಮೊದಲ ಪ್ರವಾಸಕ್ಕೆ ಇದಕ್ಕಿಂತ ಸಲೀಸಾದ ದಾರಿ ಸಿಗುವುದು ಕಷ್ಟ, ಧೈರ್ಯವಾಗಿ ಹೊರಡಿ. ದೂರ ಸುಮಾರು 320-330 ಕಿ.ಮೀ. ಹೆಚ್ಚಿನವರು ಆರರಿಂದ ಎಂಟು ದಿನದಲ್ಲಿ ಮುಗಿಸುತ್ತಾರೆ. ಇದು ಯೂರೋವೆಲೋ 6 ಎಂಬ ದೊಡ್ಡ ದಾರಿಯ ಒಂದು ತುಂಡು. ಆ ದಾರಿ ಫ್ರಾನ್ಸಿನ ಅಟ್ಲಾಂಟಿಕ್ ಕರಾವಳಿಯಿಂದ ಕಪ್ಪು ಸಮುದ್ರದವರೆಗೆ 4,000 ಕಿ.ಮೀ.ಗೂ ಜಾಸ್ತಿ ಉದ್ದ ಇದೆ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಹೆಸರು ಮಾಡಿದ್ದು ನೀವು ಹೇಳಿದ ಈ ತುಂಡೇ.

ದಾರಿ ಇಷ್ಟು ಸಮತಟ್ಟಾಗಿರುವುದಕ್ಕೆ ಕಾರಣ ಕುದುರೆಗಳು. ಹಬೆ ಹಡಗು ಬರುವ ಮೊದಲು ಸರಕು ತುಂಬಿದ ದೋಣಿಗಳನ್ನು ಹರಿವಿಗೆ ಎದುರಾಗಿ ಎಳೆಯಲು ದಂಡೆಯ ಮೇಲೆ ಹತ್ತಾರು ಕುದುರೆಗಳು ಸಾಲಾಗಿ ನಡೆಯುತ್ತಿದ್ದವು. ಅವಕ್ಕೆ ನೀರಿನ ಅಂಚಿನಲ್ಲೇ, ಏರಿಳಿತ ಇಲ್ಲದ ದಾರಿ ಬೇಕಿತ್ತು. ವಿಯೆನ್ನಾದಲ್ಲಿ ಹಬೆ ಹಡಗಿನ ಕಂಪನಿ ಶುರುವಾಗಿದ್ದು 1829ರಲ್ಲಿ. ಆಮೇಲೆ ನಿಧಾನವಾಗಿ ಕುದುರೆಗಳ ಕೆಲಸ ಹೋಯಿತು, ದಾರಿ ಉಳಿಯಿತು. ಇವತ್ತು ಎಷ್ಟೋ ಕಡೆ ನಾವು ಸೈಕಲ್ ಹೊಡೆಯುವುದು ಅದೇ ದಾರಿಯಲ್ಲಿ. ನದಿ ಮತ್ತು ನಿಮ್ಮ ನಡುವೆ ಹುಲ್ಲು ಬಿಟ್ಟರೆ ಬೇರೇನೂ ಇರುವುದಿಲ್ಲ.

ಗುಂಪಿಗೆಸೇರದವ

ಎಲ್ಲರೂ ಹೊಗಳುವ ದಾರಿ, ಸರಿ. ಆದರೆ ವಾಹನ ಇಲ್ಲ ಅಂದ ಮಾತ್ರಕ್ಕೆ ಶಾಂತವಾಗಿರುತ್ತದೆ ಅಂತ ಅಂದುಕೊಳ್ಳಬೇಡಿ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಸೈಕಲ್‌ಗಳದ್ದೇ ಜಾತ್ರೆ. ಇಪ್ಪತ್ತು ಮೂವತ್ತು ಜನರ ಗುಂಪುಗಳು, ಹಿಂದಿನಿಂದ ಗಂಟೆ ಬಾರಿಸುವ ಇ-ಬೈಕ್‌ನವರು, ದೋಣಿಗೆ ಸರದಿ ಸಾಲು. ಅಕ್ಕನಿಗೆ ಲಾರಿ ಭಯ ಹೋಗಬಹುದು, ಸೈಕಲ್ ಭಯ ಬಂದೀತು.

ನನ್ನನ್ನು ಕೇಳಿದರೆ ಫ್ರಾನ್ಸಿನ ಲುವಾರ್ ನದಿಗೆ ಹೋಗಿ. "ಲುವಾರ್ ಆ ವೆಲೋ" ಎಂಬ ಸೈಕಲ್ ದಾರಿ ಸುಮಾರು 900 ಕಿ.ಮೀ. ಇದೆ, ಜನ ಹಂಚಿಹೋಗುತ್ತಾರೆ. ನದಿಗೆ ದೊಡ್ಡ ಕಟ್ಟೆಗಳು ಕಮ್ಮಿ. ನಡುವೆ ಮರಳು ದಿಬ್ಬಗಳು, ಹಕ್ಕಿಗಳು. ವಿಯೆನ್ ನದಿ ಬಂದು ಸೇರುವ ಕಡೆ ಕಾಂದ್-ಸೇಂಟ್-ಮಾರ್ಟಿನ್ ಅಂತ ಒಂದು ಪುಟ್ಟ ಊರಿದೆ. ಬಿಳಿ ಸುಣ್ಣಕಲ್ಲಿನ ಮನೆಗಳು, ಇಕ್ಕಟ್ಟಿನ ಓಣಿಗಳು. ಅಂಥ ಊರಲ್ಲಿ ಅರ್ಧ ದಿನ ಸುಮ್ನೆ ಕೂತು ಬಂದರೂ ಸಾಕು.

ದಂಡೆಯಾಚೆ

ಜನಸಂದಣಿಯ ಮಾತು ನಿಜ. ಮೇ ಅಥವಾ ಸೆಪ್ಟೆಂಬರ್‌ನಲ್ಲಿ ಹೋದರೆ ಅರ್ಧ ಸಮಸ್ಯೆ ಕಳೆಯುತ್ತದೆ. ಉಳಿದ ಅರ್ಧ ದಂಡೆಯದ್ದು. ನಿಧಾನಸವಾರಿ ಕೇಳಿದ್ದೂ ಅದನ್ನೇ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಈ ದಾರಿಯಲ್ಲಿ ಶಾಂತಿ ಒಂದು ದಂಡೆಯಲ್ಲಿ, ಊರುಗಳು ಇನ್ನೊಂದು ದಂಡೆಯಲ್ಲಿ ಇರುವುದೇ ಜಾಸ್ತಿ. ಎರಡನ್ನೂ ಜೋಡಿಸುವುದು ದೋಣಿ. ಒಂದೇ ದಂಡೆ ಹಿಡಿದು ಕೊನೆಯವರೆಗೆ ಹೋಗುತ್ತೇನೆ ಅಂದವರು ಅರ್ಧ ಪ್ರವಾಸ ಕಳೆದುಕೊಳ್ಳುತ್ತಾರೆ. ನದಿ ಹರಿಯುವ ದಿಕ್ಕಿಗೆ ಮುಖ ಮಾಡಿದಾಗ ಎಡಕ್ಕಿರುವುದು ಎಡದಂಡೆ, ಬಲಕ್ಕಿರುವುದು ಬಲದಂಡೆ. ಅಲ್ಲಿನ ನಕ್ಷೆಗಳೂ ಹೀಗೇ ಹೇಳುತ್ತವೆ.

ಪಾಸೌನಲ್ಲಿ ಇನ್, ಇಲ್ಸ್ ಎಂಬ ಎರಡು ನದಿಗಳು ಬಂದು ಡ್ಯಾನ್ಯೂಬ್ ಸೇರುತ್ತವೆ. ಅಲ್ಲಿಂದ ಎಡದಂಡೆಯಲ್ಲಿ ಹೊರಟರೆ ಮೊದಲು ರಸ್ತೆಯ ಪಕ್ಕದ ದಾರಿ. ಯೋಖೆನ್‌ಸ್ಟೈನ್ ವಿದ್ಯುತ್ ಕಟ್ಟೆ ದಾಟಿದ ಮೇಲೆ ರಸ್ತೆ ದೂರ ಸರಿಯುತ್ತದೆ, ಕಾಡು ಮತ್ತು ನದಿ ಉಳಿಯುತ್ತವೆ. ಆ ಕಟ್ಟೆಯ ಮೇಲೆಯೇ ಸೈಕಲ್ ತಳ್ಳಿಕೊಂಡು ಜರ್ಮನಿಯಿಂದ ಆಸ್ಟ್ರಿಯಾಗೆ ದಾಟಬಹುದು. ಆದರೆ ನೀವು ಅಲ್ಲಿ ದಾಟಬೇಡಿ. ಎಡದಲ್ಲೇ ಮುಂದುವರಿಯಿರಿ. ಆವ್ ಎಂಬಲ್ಲಿ ದಾರಿ ಮುಗಿಯುತ್ತದೆ, ಮುಂದೆ ಕಡಿದಾದ ಕಾಡು. ಅಲ್ಲಿ ದೋಣಿ ಹತ್ತಿ ಎದುರು ದಡದ ಷ್ಲೋಗೆನ್‌ಗೆ ಹೋಗಬೇಕು. ಡ್ಯಾನ್ಯೂಬ್ ಬೆಟ್ಟಕ್ಕೆ ಡಿಕ್ಕಿ ಹೊಡೆದಂತೆ ಪೂರ್ತಿ ತಿರುಗಿ ಬಂದ ದಿಕ್ಕಿಗೇ ವಾಪಸ್ ಹೋಗುವುದು ಇಲ್ಲಿ. ದಂಡೆಯಿಂದ ಅದು ಕಾಣುವುದಿಲ್ಲ. ಸೈಕಲ್ ಬೀಗ ಹಾಕಿ ಷ್ಲೋಗೆನ್‌ನಿಂದ ಕಾಲುದಾರಿಯಲ್ಲಿ ಮೇಲೆ ಹತ್ತಿ ನೋಡಬೇಕು. ಇಡೀ ಪ್ರವಾಸದಲ್ಲಿ ಬೆವರು ಸುರಿಸಬೇಕಾದ ಜಾಗಗಳಲ್ಲಿ ಇದೂ ಒಂದು. ಆಮೇಲೆ ಬಲದಂಡೆ ಹಿಡಿದು ಆಷಾಖ್ ಕಡೆಗೆ.

ಓಟೆನ್ಸ್‌ಹೈಮ್‌ನಿಂದ ಲಿಂಟ್ಸ್ ನಗರದವರೆಗಿನ ಎಡದಂಡೆ ನನಗೆ ಇಷ್ಟವಿಲ್ಲ. ಸೈಕಲ್‌ಗೆ ಬೇರೆಯೇ ದಾರಿ ಇದೆ, ಅಪಾಯ ಏನೂ ಇಲ್ಲ. ಆದರೆ ಪಕ್ಕದಲ್ಲೇ ಹೆದ್ದಾರಿ, ಸದ್ದೋ ಸದ್ದು. ನಕ್ಷೆಯಲ್ಲಿ ಎರಡಕ್ಕೂ ಒಂದೇ ಬಣ್ಣ ಬಳಿದಿರುತ್ತಾರೆ: ಕಾಡಿನ ನಡುವಿನ ದಾರಿಗೂ, ಹೆದ್ದಾರಿ ಪಕ್ಕದ ದಾರಿಗೂ. ಅಕ್ಕನ ಜೊತೆ ಹೋಗುವಾಗ ಇದನ್ನು ಗಮನದಲ್ಲಿಡಿ.

ಮುಂದೆ ಗ್ರೈನ್ ಊರು ಎಡದಂಡೆಯಲ್ಲಿದೆ. ರಸ್ತೆಯೂ ಅದೇ ಕಡೆ. ಎದುರಿನ ಬಲದಂಡೆಯಲ್ಲಿ ಇಬ್ಸ್‌ವರೆಗೆ ನೆಮ್ಮದಿ. ಬಲದಲ್ಲಿ ಸವಾರಿ ಮಾಡಿ, ಚಿಕ್ಕ ದೋಣಿಯಲ್ಲಿ ಗ್ರೈನ್‌ಗೆ ದಾಟಿ, ಊರು ನೋಡಿ ವಾಪಸ್ ಬನ್ನಿ.

ಮೆಲ್ಕ್‌ನಿಂದ ಕ್ರೆಮ್ಸ್‌ವರೆಗೆ ವಾಖೌ ಕಣಿವೆ. ಇದು ಸುಮಾರು 36 ಕಿ.ಮೀ. ಅಷ್ಟೇ, ಆದರೆ ಜನ ಇಷ್ಟು ದೂರ ಬರುವುದೇ ಇದಕ್ಕಾಗಿ. 2000ದಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಸ್ಪಿಟ್ಸ್, ವೈಸೆನ್‌ಕಿರ್ಖೆನ್, ಡ್ಯೂರ್ನ್‌ಸ್ಟೈನ್ ಎಂಬ ಹೆಸರಾಂತ ಊರುಗಳೆಲ್ಲ ಎಡದಂಡೆಯಲ್ಲಿವೆ. ರಸ್ತೆ, ಬಸ್ಸು, ಪ್ರವಾಸಿಗಳೂ ಅಲ್ಲೇ. ದಾರಿ ದ್ರಾಕ್ಷಿ ತೋಟಗಳ ನಡುವೆ ಸ್ವಲ್ಪ ಏರಿಳಿಯುತ್ತದೆ. ಬಲದಂಡೆಯ ಆರ್ನ್ಸ್‌ಡೋರ್ಫ್, ರೊಸಾಟ್ಸ್ ಕಡೆ ಏಪ್ರಿಕಾಟ್ ತೋಟಗಳು, ಸಮತಟ್ಟು ದಾರಿ, ಕಮ್ಮಿ ಜನ. ಇನ್ನೊಂದು ಲಾಭ ಇದೆ. ಡ್ಯೂರ್ನ್‌ಸ್ಟೈನ್‌ನ ನೀಲಿ ಗೋಪುರ ಚೆನ್ನಾಗಿ ಕಾಣುವುದು ಎದುರಿನ ರೊಸಾಟ್ಸ್ ಕಡೆಯಿಂದಲೇ. ಆ ಊರಿನೊಳಗೆ ನಿಂತರೆ ಕತ್ತು ನೋಯುತ್ತದೆ, ಅಷ್ಟೇ.

ನಾನಾದರೆ ಮೆಲ್ಕ್‌ನಿಂದ ಆರ್ನ್ಸ್‌ಡೋರ್ಫ್‌ವರೆಗೆ ಬಲ, ದೋಣಿಯಲ್ಲಿ ಸ್ಪಿಟ್ಸ್‌ಗೆ, ವೈಸೆನ್‌ಕಿರ್ಖೆನ್‌ವರೆಗೆ ಎಡ, ಮತ್ತೆ ದೋಣಿಯಲ್ಲಿ ಬಲಕ್ಕೆ ಬಂದು ರೊಸಾಟ್ಸ್. ಅಲ್ಲಿಂದ ಡ್ಯೂರ್ನ್‌ಸ್ಟೈನ್‌ಗೆ ಇನ್ನೊಂದು ದೋಣಿ. ತಲೆ ತಿರುಗುತ್ತದೆ ಅನ್ನಿಸಬಹುದು. ಅಲ್ಲಿ ನಿಂತು ನೋಡಿದರೆ ನದಿಯೇ ಊರಿನ ಮುಖ್ಯ ರಸ್ತೆ, ದೋಣಿ ಅಂದರೆ ರಸ್ತೆ ದಾಟಿದ ಹಾಗೆ.

ನಿಧಾನಸವಾರಿ

ಅಬ್ಬಾ, ಇದನ್ನು ಅಚ್ಚು ಹಾಕಿಸಿ ಹ್ಯಾಂಡಲ್ ಬ್ಯಾಗಿನಲ್ಲಿ ಇಡುತ್ತೇನೆ!

ಎರಡು ಪ್ರಶ್ನೆ. ದೋಣಿಗಳು ಯಾವಾಗಲೂ ಸಿಗುತ್ತವಾ? ಮತ್ತೆ, ನದಿ ಹರಿಯುವ ದಿಕ್ಕಿಗೇ ಹೋಗುವುದರಿಂದ ಇಳಿಜಾರು ಸಿಗುತ್ತದೆ ಅಂತ ಅಕ್ಕ ಖುಷಿಯಲ್ಲಿದ್ದಾಳೆ. ನಿಜವಾ?

ಹಳೇಗೇರು

ಅಕ್ಕನ ಖುಷಿ ಹಾಳುಮಾಡಲು ಬೇಸರ. ಪಾಸೌನಿಂದ ವಿಯೆನ್ನಾವರೆಗೆ ನದಿ ಇಳಿಯುವುದು 150 ಮೀಟರ್‌ಗೂ ಕಮ್ಮಿ. 320 ಕಿ.ಮೀ.ಗೆ ಹಂಚಿದರೆ ಒಂದು ಕಿಲೋಮೀಟರ್‌ಗೆ ಅರ್ಧ ಮೀಟರ್ ಕೂಡ ಇಲ್ಲ. ಕಾಲಿಗೆ ಅದು ಗೊತ್ತೇ ಆಗುವುದಿಲ್ಲ. ಕಾಲಿಗೆ ಗೊತ್ತಾಗುವುದು ಗಾಳಿ. ಅಲ್ಲಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿ ಬೀಸುತ್ತದೆ, ನೀವೂ ಪೂರ್ವಕ್ಕೇ ಹೋಗುತ್ತೀರಿ. ಬಹುತೇಕ ಜನ ವಿಯೆನ್ನಾದಿಂದ ಪಾಸೌಗೆ ಹೋಗದೆ ಪಾಸೌನಿಂದ ವಿಯೆನ್ನಾಗೆ ಬರುವುದರ ಗುಟ್ಟು ಇದೇ.

ದೋಣಿಗಳಲ್ಲಿ ಎರಡು ಬಗೆ. ಚಿಕ್ಕ ಮೋಟಾರ್ ದೋಣಿಗಳು ಜನರನ್ನು, ಸೈಕಲ್‌ಗಳನ್ನು ಮಾತ್ರ ದಾಟಿಸುತ್ತವೆ. ಇನ್ನೊಂದು ಬಗೆಗೆ ಎಂಜಿನ್ ಕೆಲಸವೇ ಇಲ್ಲ. ಓಟೆನ್ಸ್‌ಹೈಮ್, ಸ್ಪಿಟ್ಸ್, ವೈಸೆನ್‌ಕಿರ್ಖೆನ್‌ನಲ್ಲಿ ಇಂಥವು ಇವೆ. ನದಿಗೆ ಅಡ್ಡವಾಗಿ ಎತ್ತರದಲ್ಲಿ ಉಕ್ಕಿನ ಹಗ್ಗ ಕಟ್ಟಿ, ದೋಣಿಯನ್ನು ಅದಕ್ಕೆ ತೂಗುಹಾಕಿರುತ್ತಾರೆ. ದೋಣಿಯನ್ನು ಹರಿವಿಗೆ ಸ್ವಲ್ಪ ಓರೆ ಮಾಡಿದರೆ ಸಾಕು, ನೀರೇ ಆಚೆ ದಡಕ್ಕೆ ತಳ್ಳುತ್ತದೆ. ಕಾರುಗಳೂ ಹತ್ತುತ್ತವೆ. ಸದ್ದೇ ಇಲ್ಲದೆ ದಡ ಬಂದುಬಿಡುತ್ತದೆ. ಸೈಕಲ್ ಪ್ರವಾಸಕ್ಕೆ ಇದಕ್ಕಿಂತ ಒಪ್ಪುವ ವಾಹನ ಇಲ್ಲ ಅಂತ ನನ್ನ ಅಭಿಪ್ರಾಯ.

ಆದರೆ ಸಂಜೆ ಬೇಗ ನಿಲ್ಲುತ್ತವೆ. ಚಳಿಗಾಲದಲ್ಲಿ ಹೆಚ್ಚಿನವು ಇರುವುದಿಲ್ಲ. ನದಿಯಲ್ಲಿ ನೀರು ಏರಿದರೆ ಬೇಸಿಗೆಯಲ್ಲೂ ಬಂದ್. ರಾತ್ರಿ ಉಳಿಯುವ ಮನೆ ಎದುರು ದಡದಲ್ಲಿದ್ದರೆ ಕೊನೆಯ ದೋಣಿ ಎಷ್ಟು ಗಂಟೆಗೆ ಅಂತ ಬೆಳಿಗ್ಗೆಯೇ ನೋಡಿಕೊಳ್ಳಿ.

ಇನ್ನು ಸೈಕಲ್ ವಿಷಯ. ಪಾಸೌನಲ್ಲಿ ಬಾಡಿಗೆಗೆ ಪಡೆದು ವಿಯೆನ್ನಾದಲ್ಲಿ ಬಿಡಬಹುದು. ಸಾಮಾನನ್ನು ದಿನಾ ಮುಂದಿನ ಊರಿಗೆ ಸಾಗಿಸುವ ಸೇವೆಗಳೂ ಇವೆ. ಬಾಡಿಗೆ ಸೈಕಲ್‌ಗಳಲ್ಲಿ ಎಷ್ಟೋ ಸಲ ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕ್ ಇರುತ್ತದೆ. ನಮಗೆ ಅಭ್ಯಾಸ ಇಲ್ಲ. ನಿಂತ ಸೈಕಲ್ ಮೇಲೆ ಸುಮ್ನೆ ಪೆಡಲ್ ಹಿಂದಕ್ಕೆ ತಿರುಗಿಸಿ ಸರಿಮಾಡಿಕೊಳ್ಳುವವರಿಗೆ ಅದು ತಿರುಗುವುದೇ ಇಲ್ಲ. ಪಡೆಯುವಾಗಲೇ ಕೇಳಿ, ಅಂಗಡಿ ಮುಂದೆ ನಾಲ್ಕು ಸುತ್ತು ಹೊಡೆಯಿರಿ. ಎಡಕ್ಕೆ ಸರಿಯುವ ನಮ್ಮ ಅಭ್ಯಾಸವನ್ನೂ ಅಲ್ಲೇ ಬಿಡಿ, ಅಲ್ಲಿ ಬಲಗಡೆ ಸಂಚಾರ. ಎದುರಿಗೆ ಸೈಕಲ್ ಬಂದಾಗ ಗಾಬರಿಯಲ್ಲಿ ಎಡಕ್ಕೆ ಎಳೆದರೆ ನೇರ ಅವರ ಮೇಲೆಯೇ.

ಇ-ಬೈಕ್ ಬೇಕಾದರೆ ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ. 160 ವ್ಯಾಟ್-ಅವರ್ ಮೀರಿದ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ. ಇ-ಬೈಕ್ ಬ್ಯಾಟರಿಗಳು ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ದೊಡ್ಡವು.

ಗುಂಪಿಗೆಸೇರದವ

ಗಾಳಿ ವಿಷಯ ಬಂದಿದ್ದು ಒಳ್ಳೆಯದಾಯಿತು. ಲುವಾರ್‌ನಲ್ಲಿ ಇದೇ ಲೆಕ್ಕ ಉಲ್ಟಾ. ಆ ನದಿ ಪಶ್ಚಿಮಕ್ಕೆ ಹರಿಯುತ್ತದೆ, ಗಾಳಿ ಸಮುದ್ರದಿಂದ ಬರುತ್ತದೆ. ನದಿಯ ಜೊತೆ ಹೋದರೆ ಗಾಳಿ ಮುಖಕ್ಕೆ. ಆದ್ದರಿಂದ ಅಲ್ಲಿ ಸಮುದ್ರದ ಕಡೆಯಿಂದ ಒಳನಾಡಿಗೆ ಬರುವುದು ಜಾಣತನ. ಇನ್ನೂ ಒಂದು ಹೇಳಿಬಿಡುತ್ತೇನೆ: ಲುವಾರ್ ದಾರಿ ಎಲ್ಲ ಕಡೆ ವಾಹನಮುಕ್ತ ಅಲ್ಲ. ಸಾಕಷ್ಟು ಭಾಗ ವಾಹನ ಕಮ್ಮಿ ಇರುವ ಹಳ್ಳಿ ರಸ್ತೆಗಳು. ನನಗೆ ಅದು ಸಮಸ್ಯೆಯೇ ಅಲ್ಲ, ನಿಮ್ಮ ಅಕ್ಕನಿಗೆ ಗೊತ್ತಿಲ್ಲ.

ಫ್ರಾನ್ಸಿನದ್ದೇ ಆದ ಮಿದಿ ಕಾಲುವೆಗೆ ಹೋಗಿ ಅಂತ ಯಾರಾದರೂ ಹೇಳಿದರೆ ಮಾತ್ರ ತಡೆದು ಯೋಚಿಸಿ. 1681ರಲ್ಲಿ ಮುಗಿದ ಕಾಲುವೆ, ತುಲೂಸ್‌ನಿಂದ ಮೆಡಿಟರೇನಿಯನ್ ಕಡೆಗೆ 240 ಕಿ.ಮೀ. ಚಿತ್ರದಲ್ಲಿ ಸೊಗಸು. ತುಲೂಸ್ ಹತ್ತಿರದ ನುಣುಪು ದಾರಿ ಮುಗಿದ ಮೇಲೆ ಮಣ್ಣು, ಕಲ್ಲು, ಮರದ ಬೇರು. ನೆರಳು ಕೊಡುತ್ತಿದ್ದ ಪ್ಲೇನ್ ಮರಗಳಿಗೂ ರೋಗ ಬಂದು ಸಾವಿರಾರು ಮರ ಕಡಿದಿದ್ದಾರೆ. ವಾಹನ ಇಲ್ಲ ನಿಜ, ಸೊಂಟ ಉಳಿಯಬೇಕಲ್ಲ.

ಊರುನೋಡುವವಳು

ಎಲ್ಲರೂ ದಾರಿಯ ಬಗ್ಗೆಯೇ ಬರೆದಿದ್ದೀರಿ. ಅವರು ಹಳೆಯ ಊರುಗಳನ್ನೂ ಕೇಳಿದ್ದರು ಅಲ್ವಾ? ನನ್ನ ಕಡೆಯಿಂದ ಒಂದೇ ಸಲಹೆ. ದಿನಕ್ಕೆ 45-50 ಕಿ.ಮೀ. ಮೀರಬೇಡಿ. ಅದಕ್ಕಿಂತ ಜಾಸ್ತಿ ಆದರೆ ಊರಿಗೆ ಸಂಜೆ ಸುಸ್ತಾಗಿ ಬರುತ್ತೀರಿ, ಬೆಳಿಗ್ಗೆ ಎದ್ದು ಓಡುತ್ತೀರಿ. ನೋಡುವುದು ಹೋಟೆಲ್ ಗೋಡೆ ಮಾತ್ರ.

ಗ್ರೈನ್‌ನಲ್ಲಿ ಚೌಕದ ಪಕ್ಕ 1791ರ ಪುಟ್ಟ ರಂಗಮಂದಿರ ಇದೆ. ಧಾನ್ಯ ತುಂಬುತ್ತಿದ್ದ ಕಟ್ಟಡದಲ್ಲಿ ಊರಿನವರೇ ಮಾಡಿಕೊಂಡದ್ದು, ಇಂದಿಗೂ ನಾಟಕ ನಡೆಯುತ್ತದೆ. ಇಷ್ಟು ಸಣ್ಣ ಊರಿಗೆ ಇಂಥದ್ದೊಂದು ಹೇಗೆ ಬಂತು ಅಂದರೆ ನದಿಯಿಂದ. ಗ್ರೈನ್ ಕೆಳಗಿನ ಹರಿವಿನಲ್ಲಿ ಬಂಡೆ, ಸುಳಿಗಳು ದೋಣಿಗಳನ್ನು ನುಂಗುತ್ತಿದ್ದವು. ದಾಟಿಸಲು ಇಲ್ಲಿನ ಅಂಬಿಗರೇ ಬೇಕಿತ್ತು, ದುಡ್ಡು ಇಲ್ಲೇ ಉಳಿಯಿತು. ಆಮೇಲೆ ಬಂಡೆಗಳನ್ನು ಸಿಡಿಸಿದರು, ಇಬ್ಸ್‌ನಲ್ಲಿ ಕಟ್ಟೆ ಬಂತು. ಈಗ ಅಲ್ಲಿ ನೀರು ಕೆರೆಯ ಹಾಗೆ ನಿಂತಿರುತ್ತದೆ.

ಮೆಲ್ಕ್ ಮಠದಲ್ಲಿ 1089ರಿಂದ ಬೆನೆಡಿಕ್ಟಿನ್ ಪಂಥದ ಕ್ರೈಸ್ತ ಸನ್ಯಾಸಿಗಳಿದ್ದಾರೆ. ಬಂಡೆಯ ಮೇಲಿನ ಹಳದಿ ಕಟ್ಟಡ 1702ರಿಂದ 1736ರ ನಡುವೆ ಎದ್ದದ್ದು. ಅದಕ್ಕೆ ಅರ್ಧ ದಿನ ಇಡಿ, ಗ್ರಂಥಾಲಯ ಬಿಡಬೇಡಿ. ಡ್ಯೂರ್ನ್‌ಸ್ಟೈನ್ ಕೋಟೆಯಲ್ಲಿ ಇಂಗ್ಲೆಂಡಿನ ದೊರೆ ಒಂದನೇ ರಿಚರ್ಡ್‌ನನ್ನು 1192ರ ಕೊನೆಯಲ್ಲಿ ಸೆರೆಯಿಟ್ಟಿದ್ದರು. ಅವನ ಹಾಡುಗಾರ ಕೋಟೆ ಕೋಟೆಯ ಕೆಳಗೆ ಹಾಡುತ್ತ ಬಂದು ದೊರೆಯನ್ನು ಪತ್ತೆಹಚ್ಚಿದ ಅನ್ನುವುದು ಬರೀ ಕಟ್ಟುಕತೆ, ಆದರೆ ಊರಿನವರು ಅದನ್ನು ಬಿಟ್ಟುಕೊಡುವುದಿಲ್ಲ. ವಾಖೌನದ್ದೇ ಊರಾದ ವಿಲ್ಲೆನ್‌ಡೋರ್ಫ್‌ನಲ್ಲಿ 1908ರಲ್ಲಿ ಸುಮಾರು 11 ಸೆಂ.ಮೀ. ಎತ್ತರದ ಹೆಣ್ಣಿನ ಕಲ್ಲಿನ ಬೊಂಬೆ ಸಿಕ್ಕಿತು. ಸುಮಾರು 30,000 ವರ್ಷ ಹಳೆಯದು. ಮೂಲ ಬೊಂಬೆ ಇರುವುದು ವಿಯೆನ್ನಾದ ನೈಸರ್ಗಿಕ ಇತಿಹಾಸ ಸಂಗ್ರಹಾಲಯದಲ್ಲಿ, ಹಾಗಾಗಿ ಪ್ರವಾಸದ ಕೊನೆಗೆ ನೋಡಬಹುದು.

ಮೌಟ್‌ಹೌಸೆನ್ ಬಗ್ಗೆ ಯಾರೂ ಬರೆದಿಲ್ಲ. ಲಿಂಟ್ಸ್ ದಾಟಿದ ಮೇಲೆ ದಂಡೆಯಲ್ಲೇ ಇರುವ ಚೆಂದದ ಊರು. ಅದರ ಮೇಲಿನ ಗುಡ್ಡದಲ್ಲಿ 1938ರಿಂದ 1945ರವರೆಗೆ ನಾಜಿಗಳ ಸೆರೆಶಿಬಿರ ಇತ್ತು. ಈ ಶಿಬಿರ ಮತ್ತು ಇದರ ಉಪಶಿಬಿರಗಳಲ್ಲಿ ಸುಮಾರು 1,90,000 ಜನರನ್ನು ಕೂಡಿಹಾಕಿದ್ದರು. ಕನಿಷ್ಠ 90,000 ಜನ ಸತ್ತರು. ಕೈದಿಗಳು ಕಲ್ಲು ಹೊತ್ತು ಹತ್ತಿದ ಗಣಿಯ 186 ಮೆಟ್ಟಿಲು ಈಗಲೂ ಇವೆ. ಏರು ಕಡಿದಾಗಿದೆ, ಸೈಕಲ್ ತಳ್ಳಬೇಕಾಗುತ್ತದೆ. ನೋಡುವುದಾದರೆ ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ. ರಜೆಯಲ್ಲಿ ಅಲ್ಲಿಗೆ ಯಾಕೆ ಅನ್ನುವವರೂ ಇದ್ದಾರೆ. ನಾನು ಹೋಗಬೇಕು ಅನ್ನುವವಳು.

ದಂಡೆಯಾಚೆ

"ನೀರು ಕೆರೆಯ ಹಾಗೆ" ಅಂದಿದ್ದು ಸರಿ. ಯೋಖೆನ್‌ಸ್ಟೈನ್ ಸೇರಿಸಿ ಆಸ್ಟ್ರಿಯಾದ ಡ್ಯಾನ್ಯೂಬ್ ಮೇಲೆ ಹತ್ತು ವಿದ್ಯುತ್ ಕಟ್ಟೆಗಳಿವೆ. ನದಿ ತನ್ನಷ್ಟಕ್ಕೆ ಹರಿಯುವುದು ಎರಡೇ ಕಡೆ: ವಾಖೌನಲ್ಲಿ ಮತ್ತು ವಿಯೆನ್ನಾದ ಪೂರ್ವಕ್ಕೆ. ಎರಡೂ ಕಡೆ ಕಟ್ಟೆ ಬರಬೇಕಿತ್ತು, ಜನ ತಡೆದರು. ಪೂರ್ವದ ಹೈನ್‌ಬುರ್ಗ್ ಕಾಡಿನಲ್ಲಂತೂ 1984ರ ಡಿಸೆಂಬರ್ ಚಳಿಯಲ್ಲಿ ಸಾವಿರಾರು ಜನ ಡೇರೆ ಹಾಕಿ ಕೂತಿದ್ದರು. 1996ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು.

ಸವಾರರಿಗೆ ಇದರ ಅರ್ಥ ಏನೆಂದರೆ, ಕಟ್ಟೆಗಳ ಹಿಂದೆ ಎಷ್ಟೋ ಕಡೆ ದಾರಿ ಏರಿಯ ಮೇಲೆ ನೇರವಾಗಿ ಸಾಗುತ್ತದೆ. ವಾಹನ ಇಲ್ಲ, ಡಾಂಬರು ಅಚ್ಚುಕಟ್ಟು, ಆದರೆ ಬೇಜಾರು. ಲಿಂಟ್ಸ್ ಆಚೆ ಸ್ವಲ್ಪ, ಕ್ರೆಮ್ಸ್ ಆಚೆ ಟುಲ್ನ್‌ವರೆಗೆ ಜಾಸ್ತಿ. ಆ ಕಡೆ ಬಲದಂಡೆಯಲ್ಲಿ ಒಂದು ವಿಚಿತ್ರ ಮಾತ್ರ ಸಿಗುತ್ತದೆ, ಟ್ಸ್ವೆಂಟೆನ್‌ಡೋರ್ಫ್ ಅಣು ವಿದ್ಯುತ್ ಸ್ಥಾವರ. ಪೂರ್ತಿ ಕಟ್ಟಿ ಮುಗಿಸಿದ ಮೇಲೆ 1978ರಲ್ಲಿ ಜನಮತ ಕೇಳಿದರು. ಕೂದಲೆಳೆ ಅಂತರದಲ್ಲಿ ಬೇಡ ಅಂತ ಬಂತು. ಒಂದು ದಿನವೂ ಓಡಿಸಲಿಲ್ಲ.

ಎರಡುಚಕ್ರ

ಮಳೆ ಬಗ್ಗೆ ಒಂದು ಮಾತು. ಇದು ಪ್ರವಾಹ ಬರುವ ನದಿ. ಪಾಸೌನ ಹಳೆಯ ಪುರಭವನದ ಗೋಡೆಯಲ್ಲಿ ಯಾವ ವರ್ಷ ನೀರು ಎಲ್ಲಿಗೆ ಬಂತು ಅಂತ ಗುರುತು ಹಾಕಿದ್ದಾರೆ. 2013ರ ಜೂನ್‌ನಲ್ಲಿ 12.89 ಮೀಟರ್ ಮುಟ್ಟಿತ್ತು. 2024ರ ಸೆಪ್ಟೆಂಬರ್‌ನಲ್ಲಿ ವಾಖೌ ಇರುವ ಕೆಳ ಆಸ್ಟ್ರಿಯಾ ಪ್ರಾಂತ್ಯದಲ್ಲಿ ಮತ್ತೆ ದೊಡ್ಡ ಪ್ರವಾಹ. ದೊಡ್ಡ ಮಳೆ ಬಂದರೆ ದಂಡೆಯ ದಾರಿಯೇ ಮೊದಲು ಮುಳುಗುವುದು. ಒಂದು ದಿನ ಖಾಲಿ ಇಟ್ಟುಕೊಳ್ಳಿ.

ವಾಖೌನಲ್ಲಿ ದ್ರಾಕ್ಷಾರಸದ ಮನೆಗಳು ಹೆಜ್ಜೆಗೊಂದು. ಆಸ್ಟ್ರಿಯಾದಲ್ಲಿ ಸೈಕಲ್ ಸವಾರರಿಗೂ ರಕ್ತದಲ್ಲಿ ಮದ್ಯದ ಮಿತಿ ಇದೆ, 0.8 ಪರ್ ಮಿಲ್, ಅಂದರೆ ಒಂದು ಲೀಟರ್ ರಕ್ತಕ್ಕೆ 0.8 ಗ್ರಾಂ. ಹನ್ನೆರಡು ವರ್ಷದ ಒಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ. ದೊಡ್ಡವರಿಗೆ ಕಡ್ಡಾಯ ಇಲ್ಲ, ಆದರೂ ಹಾಕಿಕೊಳ್ಳಿ.

ನಿಧಾನಸವಾರಿ

ಎಲ್ಲರಿಗೂ ಥ್ಯಾಂಕ್ಸ್. ಅಕ್ಕನಿಗೆ ಓದಿ ಹೇಳಿದೆ. ಎಂಜಿನ್ ಇಲ್ಲದ ದೋಣಿ ಅಂದ ಕೂಡಲೇ ಅವಳು ಒಪ್ಪಿಬಿಟ್ಟಳು, ಲುವಾರ್ ಇನ್ನೊಂದು ವರ್ಷಕ್ಕಂತೆ. ಸೆಪ್ಟೆಂಬರ್ ಮೊದಲ ಭಾಗ ಅಂತ ಗೊತ್ತುಮಾಡಿದ್ದೇವೆ. ವಿಯೆನ್ನಾಗೆ ವಿಮಾನ, ಅಲ್ಲಿಂದ ಪಾಸೌಗೆ ರೈಲು, ದಂಡೆಯಾಚೆ ಹೇಳಿದ ಹಾಗೆ ಬಲ-ಎಡ-ಬಲ. ಕ್ರೆಮ್ಸ್‌ನಲ್ಲಿ ಸೈಕಲ್ ನಿಲ್ಲಿಸಿ ರೈಲಿನಲ್ಲಿ ವಿಯೆನ್ನಾ ಸೇರುವುದು ಅಂತ ಇದ್ದೇವೆ. ಉಳಿದ ದಿನ ವಾಖೌನಲ್ಲೇ ಕಳೆಯುತ್ತೇವೆ. ಹೀಗೆ ಮಾಡಿದರೆ ಏನಾದರೂ ತಪ್ಪಿಹೋಗುತ್ತದಾ?

ಹಳೇಗೇರು

ಟುಲ್ನ್ ಊರು ತಪ್ಪುತ್ತದೆ, ಎಗಾನ್ ಶೀಲೆ ಎಂಬ ಚಿತ್ರಕಾರ ಹುಟ್ಟಿದ ಊರು. ಚಿತ್ರಕಲೆ ಇಷ್ಟವಿದ್ದರೆ ವಿಯೆನ್ನಾದಿಂದ ಒಂದು ಮಧ್ಯಾಹ್ನ ರೈಲಿನಲ್ಲಿ ಹೋಗಿಬನ್ನಿ. ಉಳಿದಂತೆ ನಿಮ್ಮ ಯೋಜನೆಯೇ ಸರಿ.

ಸೈಕಲ್ ಬಾಡಿಗೆಗೆ ಕೊಡುವವರು ಅದನ್ನು ಕ್ರೆಮ್ಸ್‌ನಲ್ಲಿ ವಾಪಸ್ ತೆಗೆದುಕೊಳ್ಳುತ್ತಾರಾ ಅಂತ ಮುಂಗಡ ಕಟ್ಟುವ ಮೊದಲೇ ಕೇಳಿ. ಇಲ್ಲ ಅಂದರೆ ಸೈಕಲ್ ಜೊತೆಗೇ ವಿಯೆನ್ನಾಗೆ ರೈಲು ಹತ್ತಬೇಕಾಗುತ್ತದೆ. ಪ್ರಾದೇಶಿಕ ರೈಲುಗಳಲ್ಲಿ ಸೈಕಲ್‌ಗೆ ಬೇರೆ ಟಿಕೆಟ್, ಜಾಗ ಇದ್ದರೆ ಮಾತ್ರ. ಶನಿವಾರ, ಭಾನುವಾರ ಸಂಜೆ ಆ ಜಾಗ ಸಿಗುವುದು ಕಷ್ಟ. ವಾರದ ನಡುವೆ ಹೊರಡುವ ಹಾಗೆ ನೋಡಿಕೊಳ್ಳಿ.